ಬಾಲಂಗೋಚಿ

ಆಷಾಢವೆಂದರೆ ದೊಡ್ಡವರಿಗೆ ಮದುವೆ ಮುಂಜಿಗಳಿಲ್ಲದ ತಿಂಗಳು. ತುಮಕೂರು ಸೀಮೆಯ ಹಳ್ಳಿಯಲ್ಲಿ ಬೆಳೆದ ನಮ್ಮಂಥ ಹುಡುಗರಿಗೆ ಮಾತ್ರ ಅದು ಗಾಳಿಪಟದ ತಿಂಗಳಾಗಿತ್ತು. ಗುಜರಾತಿನವರು ಸಂಕ್ರಾಂತಿಗೆ ಪಟ ಹಾರಿಸುತ್ತಾರೆ, ನಾವು ಆಷಾಢದಲ್ಲಿ ಹಾರಿಸುತ್ತೇವೆ. ಇದಕ್ಕೆ ಕಾರಣವನ್ನು ಪಂಚಾಂಗದಲ್ಲಿ ಹುಡುಕಬೇಕಾಗಿಲ್ಲ. ನೈರುತ್ಯ ಮಾರುತ ತನ್ನ ಮಳೆಯ ಬಹುಪಾಲನ್ನು ಪಶ್ಚಿಮ ಘಟ್ಟಗಳಲ್ಲಿ ಸುರಿದು, ಘಟ್ಟ ದಾಟಿ ನಮ್ಮ ಬಯಲುಸೀಮೆಗೆ ಬರುವ ಹೊತ್ತಿಗೆ ಅದರಲ್ಲಿ ಉಳಿಯುವುದು ಹೆಚ್ಚಾಗಿ ಗಾಳಿಯೇ. ಮಳೆ ಕಡಿಮೆ, ಗಾಳಿ ಬಲ. ಪಟಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಯಾವುದಿದೆ?

ನಮ್ಮ ಪಟ ಅಂಗಡಿಯದಲ್ಲ. ಹಳೆಯ ದಿನಪತ್ರಿಕೆ, ಸೀಳಿದ ಬಿದಿರಿನ ಎರಡು ಕಡ್ಡಿ, ಅಂಟಿಗೆ ಮಿಕ್ಕ ಅನ್ನದ ಅಗುಳು. ಕಡ್ಡಿಗಳು ಸೇರುವಲ್ಲಿ ಒಂದು ದಾರ, ಕೆಳಗಿನ ಕಡ್ಡಿಯಲ್ಲಿ ಇನ್ನೊಂದು ದಾರ ಕಟ್ಟಿ ಎರಡನ್ನೂ ಒಂದು ಗಂಟಿಗೆ ತಂದರೆ ಅದು ಸೂತ್ರ. ಕಾಲೇಜಿನಲ್ಲಿ ಭೌತಶಾಸ್ತ್ರದ ಸೂತ್ರಗಳನ್ನು ಉರು ಹೊಡೆಯುವಾಗಲೆಲ್ಲ ನನಗೆ ಮೊದಲು ನೆನಪಾಗುತ್ತಿದ್ದದ್ದು ಈ ಸೂತ್ರವೇ. ಕೊನೆಗೆ ಅಮ್ಮನ ಹಳೆಯ ಸೀರೆಯಿಂದ ಹರಿದ ಉದ್ದನೆಯ ಪಟ್ಟಿ. ಅದು ಬಾಲಂಗೋಚಿ.

ನಮ್ಮ ಮನೆಯಲ್ಲಿ ಇನ್ನೊಂದು ಬಾಲಂಗೋಚಿ ಇತ್ತು. ಅದು ನನ್ನ ತಮ್ಮ. ನನಗಿಂತ ಮೂರು ವರ್ಷ ಚಿಕ್ಕವನು. ಓದು ಅವನಿಗೆ ಹತ್ತಲಿಲ್ಲ, ಮಾತೂ ತುಸು ನಿಧಾನ. ನಾನು ಹೋದಲ್ಲೆಲ್ಲ ಹಿಂದೆ ಬರುತ್ತಿದ್ದ. 'ಏನೋ, ಬಾಲಂಗೋಚಿ ಕರ್ಕೊಂಡು ಬಂದ್ಯಾ?' ಎಂದು ಗೆಳೆಯರು ನಗುತ್ತಿದ್ದರು. ನನಗೆ ಅವಮಾನವಾಗುತ್ತಿತ್ತು. ಆದರೂ ಪಟವನ್ನು ಎತ್ತಿ ಹಿಡಿದು ದೂರ ನಿಂತು, ಹೇಳಿದ ಕ್ಷಣಕ್ಕೆ ಸರಿಯಾಗಿ ಬಿಡಲು ಅವನೇ ಬೇಕಾಗಿತ್ತು.

1988ರ ಆಷಾಢವಿರಬೇಕು. ಕೆರೆ ಏರಿಯ ಮೇಲೆ ಎಲ್ಲರ ಪಟಗಳೂ ಎದ್ದಿದ್ದವು. ನನ್ನದು ಎಲ್ಲಕ್ಕಿಂತ ಮೇಲೆ ಹೋಗಬೇಕೆಂಬ ಆಸೆ. ಅಷ್ಟುದ್ದದ ಬಟ್ಟೆಯ ಭಾರ ಇಳಿಸಿದರೆ ಪಟ ಹಗುರಾಗಿ ಏರೀತೆಂದು ಲೆಕ್ಕ ಹಾಕಿ ಬಾಲವನ್ನು ಕಿತ್ತು ಎಸೆದೆ. ತಮ್ಮ 'ಬೇಡ ಕಣಣ್ಣ' ಎಂದ. ನಾನು ಕೇಳಲಿಲ್ಲ. ಪಟ ಎರಡಾಳುದ್ದ ಎದ್ದಿತು, ಎಡಕ್ಕೆ ವಾಲಿತು, ಗಿರಗಿರನೆ ಲಾಗ ಹೊಡೆದು ಜಾಲಿ ಮುಳ್ಳಿನ ಮೇಲೆ ಬಿದ್ದು ಹರಿಯಿತು. ಅಳು ನುಂಗಿಕೊಂಡು ನಿಂತಿದ್ದೆ. ತಮ್ಮ ಚಡ್ಡಿಯ ಜೇಬಿಗೆ ಕೈಹಾಕಿ ಏನನ್ನೋ ತೆಗೆದ. ನಾನು ಎಸೆದಿದ್ದ ಬಾಲವನ್ನು ಮಡಿಸಿ ಇಟ್ಟುಕೊಂಡಿದ್ದ.

ಅಂದು ಪಟ ಬಿದ್ದದ್ದೇಕೆ ಎಂಬುದು ಬಿ.ಎಸ್‌ಸಿ. ಓದುವಾಗ ತಿಳಿಯಿತು. ಪಟ ಗಾಳಿಗೆ ಓರೆಯಾಗಿ ನಿಂತು ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಪ್ರತಿಯಾಗಿ ಗಾಳಿ ಅದನ್ನು ಮೇಲಕ್ಕೆ ಎತ್ತುತ್ತದೆ. ಆದರೆ ಗಾಳಿ ಒಂದೇ ಸಮನೆ ಬೀಸುವುದಿಲ್ಲ. ಒಂದು ಕ್ಷಣ ಎಡಕ್ಕೆ ಹೆಚ್ಚು, ಮರುಕ್ಷಣ ಬಲಕ್ಕೆ ಹೆಚ್ಚು. ಚಪ್ಪಟೆ ಪಟ ಒಮ್ಮೆ ವಾಲಿತೆಂದರೆ ತಾನಾಗಿ ನೆಟ್ಟಗಾಗುವುದು ಕಷ್ಟ. ಆಗ ಬಾಲವನ್ನು ಗಾಳಿ ಹಿಂದಕ್ಕೆ ಎಳೆಯುತ್ತದೆ. ಆ ಎಳೆತ ಪಟದ ಬುಡವನ್ನು ಹಿಡಿದು ತಲೆಯನ್ನು ಮತ್ತೆ ಮೇಲಕ್ಕೆ ತಿರುಗಿಸುತ್ತದೆ. ಬಾಲದ ಕೆಲಸ ನಡೆಯುವುದು ಹೆಚ್ಚಾಗಿ ಈ ಎಳೆತದಿಂದಲೇ ಹೊರತು ತೂಕದಿಂದಲ್ಲ. ಆದ್ದರಿಂದಲೇ ಗಿಡ್ಡನೆಯ ಭಾರದ ಬಾಲಕ್ಕಿಂತ ಉದ್ದನೆಯ ಹಗುರ ಬಾಲ ಮೇಲು. ಕೆಳಗೆ ನಿಂತು ನೋಡುವವರಿಗೆ ಬಾಲ ಪಟಕ್ಕೆ ಜೋತುಬಿದ್ದಂತೆ ಕಾಣುತ್ತದೆ. ವಾಸ್ತವದಲ್ಲಿ ಪಟ ನೆಟ್ಟಗೆ ನಿಂತಿರುವುದೇ ಬಾಲದಿಂದ.

ಪರೀಕ್ಷೆಯಲ್ಲಿ ಇಂಥದನ್ನು ಬರೆದು ಅಂಕ ಪಡೆದೆ. ಬದುಕಿನಲ್ಲಿ ಅರ್ಥವಾಗಲು ಇನ್ನೂ ಬಹಳ ವರ್ಷ ಬೇಕಾದವು.

2015ರಲ್ಲಿ ನಮ್ಮ ತಂದೆಗೆ ಲಕ್ವ ಹೊಡೆಯಿತು. ನಾಲ್ಕು ವರ್ಷ ಹಾಸಿಗೆಯಲ್ಲಿದ್ದರು. ನಾನು ಬೆಂಗಳೂರಿನಲ್ಲಿ, ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದೆ, ಹಣ ಕೊಡುತ್ತಿದ್ದೆ, ಮಗನ ಕರ್ತವ್ಯ ಮಾಡಿದೆನೆಂಬ ಸಮಾಧಾನದಲ್ಲಿದ್ದೆ. 2019ರಲ್ಲಿ ಅವರು ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದ ಸಂಜೆ ಅಕ್ಕ, ಭಾವ, ನಾನು ಹಜಾರದಲ್ಲಿ ಕುಳಿತು ಒಂದು ವಿಷಯ ಚರ್ಚಿಸಿದೆವು: ಮದುವೆಯಿಲ್ಲ, ನೌಕರಿಯಿಲ್ಲ, ಇನ್ನು ಮುಂದೆ ತಮ್ಮನನ್ನು ಯಾರು ನೋಡಿಕೊಳ್ಳುವುದು? ಜಮೀನು ಮಾರಿ ಅವನ ಹೆಸರಿನಲ್ಲಿ ಒಂದಿಷ್ಟು ಹಣ ಇಡೋಣವೆಂಬ ಸಲಹೆ ಕೊಟ್ಟವನು ನಾನೇ. ತಮ್ಮ ಒಳಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ. ಅವನಿಗೆ ಎಲ್ಲವೂ ಕೇಳಿಸುತ್ತಿತ್ತು.

ಅದುವರೆಗೆ ಸುಮ್ಮನಿದ್ದ ಅಮ್ಮ ಒಂದೇ ಮಾತು ಕೇಳಿದಳು. 'ಅವನ್ನ ಯಾರು ನೋಡ್ಕೊಳ್ಳೋದು ಅಂತ ಕೇಳ್ತಿದೀರಲ್ಲ, ಇಷ್ಟು ವರ್ಷ ನಿಮ್ಮಪ್ಪನ್ನ ನೋಡ್ಕೊಂಡಿದ್ದು ಯಾರಪ್ಪಾ?'

ನಮ್ಮಲ್ಲಿ ಯಾರಿಗೂ ಉತ್ತರ ಬರಲಿಲ್ಲ. ಹೊತ್ತು ಹೊತ್ತಿಗೆ ಮಾತ್ರೆ ಕೊಟ್ಟವನು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸಿದವನು, ರಾತ್ರಿ ಕೆಮ್ಮಿದರೆ ಎದ್ದು ಕುಳಿತವನು ಅವನು. ನಾನು ಬೆಂಗಳೂರಿನಲ್ಲಿ ನಿಶ್ಚಿಂತೆಯಿಂದ ಕಾರ್ಯಕ್ರಮ ಮಾಡುತ್ತಿದ್ದದ್ದು, ಅಕ್ಕ ಗಂಡನ ಮನೆಯಲ್ಲಿ ನೆಮ್ಮದಿಯಾಗಿದ್ದದ್ದು, ಅವನು ಅಲ್ಲಿದ್ದನೆಂಬ ಕಾರಣಕ್ಕೆ. ಅವನು ನಮಗೆ ಜೋತುಬಿದ್ದಿದ್ದಾನೆಂದು ನಾವು ಭಾವಿಸಿದ್ದೆವು. ನೆಟ್ಟಗೆ ನಿಂತದ್ದು ನಾವು, ನಿಲ್ಲಿಸಿದವನು ಅವನು.

ಜಮೀನು ಮಾರಲಿಲ್ಲ. ಅಮ್ಮ ಮತ್ತು ತಮ್ಮ ಊರಲ್ಲೇ ಇದ್ದಾರೆ. ಆ ಸಂಜೆಯ ಮಾತಿಗೆ ನಾನು ಅವನ ಕ್ಷಮೆ ಕೇಳಿದಾಗ ಅವನು, 'ಊಟಕ್ಕೆ ಏಳಣ್ಣ' ಎಂದನಷ್ಟೆ.

ನನ್ನ ವೃತ್ತಿಯಲ್ಲಿಯೂ ಇದೇ ನಡೆಯುತ್ತದೆ. ಒಂದು ಕಾರ್ಯಕ್ರಮದಲ್ಲಿ ನಿಮಗೆ ಕಾಣುವುದು ಒಂದು ಮುಖ. ದೀಪ ಹಿಡಿದವರು, ತಂತಿ ಸುತ್ತಿದವರು, ಧ್ವನಿ ಸರಿಪಡಿಸಿದವರು, ಗಾಡಿ ಓಡಿಸಿದವರು ಇವರ ಹೆಸರುಗಳು ಕೊನೆಯಲ್ಲಿ ಸಾಲಾಗಿ ಓಡುತ್ತವೆ. ಸಮಯ ಸಾಲದಾದಾಗ ನಾವು ಮೊದಲು ಕತ್ತರಿಸುವುದು ಆ ಬಾಲವನ್ನೇ. ನಾನೂ ಎಷ್ಟೋ ಸಲ ಕತ್ತರಿಸಿದ್ದೇನೆ. ಈಗ ಕೈ ತಡೆಯುತ್ತದೆ.

ಹಾಗಾದರೆ ಬಾಲವಿಲ್ಲದ ಪಟವೇ ಇಲ್ಲವೆ? ಉಂಟು. 1890ರ ದಶಕದಲ್ಲಿ ಅಮೆರಿಕದ ವಿಲಿಯಂ ಎಡ್ಡಿ ಎಂಬುವರು, ಮಲಯದ ಪಟಗಳ ಮಾದರಿಯಿಂದ ಪ್ರೇರಣೆ ಪಡೆದು, ಬಾಲವಿಲ್ಲದೆ ಹಾರುವ ಪಟವನ್ನು ರೂಪಿಸಿದರು. ಅವರು ಮಾಡಿದ್ದು ಇಷ್ಟೆ: ಅಡ್ಡಕಡ್ಡಿಯನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿದರು. ಬಾಗಿದ ಪಟ ಒಂದು ಕಡೆಗೆ ವಾಲಿದರೆ, ವಾಲಿದ ಕಡೆಯ ರೆಕ್ಕೆಗೇ ಗಾಳಿ ಹೆಚ್ಚು ತಾಗಿ ಅದನ್ನು ಮರಳಿ ಸಮಸ್ಥಿತಿಗೆ ತರುತ್ತದೆ. ಬಾಗಲು ಕಲಿತ ಪಟಕ್ಕೆ ಬಾಲ ಬೇಡ. ನಮ್ಮಂತೆ ಸೆಟೆದು ನಿಂತ ಪಟಗಳಿಗೆ ಅದು ಬೇಕೇ ಬೇಕು.

ಈ ಆಷಾಢದಲ್ಲಿ ಮಕ್ಕಳಿಗೆ ಒಂದು ಪಟ ಮಾಡಿಕೊಡಿ. ವಿದ್ಯುತ್ ತಂತಿಗಳಿಂದ ದೂರದ ಬಯಲಿಗೆ ಕರೆದೊಯ್ಯಿರಿ; ಗಾಜಿನ ಪುಡಿ ಹಚ್ಚಿದ ಮಾಂಜಾ ಬೇಡ, ಸಾದಾ ಹತ್ತಿದಾರ ಸಾಕು. ಒಮ್ಮೆ ಬಾಲವಿಲ್ಲದೆ ಹಾರಿಸಲು ಬಿಡಿ, ಒಮ್ಮೆ ಬಾಲ ಕಟ್ಟಿ ಹಾರಿಸಲು ಹೇಳಿ. ಉಳಿದದ್ದನ್ನು ಗಾಳಿಯೇ ಕಲಿಸುತ್ತದೆ.