ದೇವಾನಾಂಪ್ರಿಯ ಯಾರು? ತರಗತಿಯಲ್ಲೊಂದು ಪತ್ತೇದಾರಿಕೆ



ಅಶೋಕನ ಶಾಸನಗಳ ಪಾಠ ನಮ್ಮ ಶಾಲೆಗಳಲ್ಲಿ ಬೇಗ ಮುಗಿದುಹೋಗುತ್ತದೆ. ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ, ಕೊಪ್ಪಳ ಎಂದು ಊರುಗಳ ಪಟ್ಟಿ ಬರೆಸಿ, ಮಸ್ಕಿಯ ಕೆಳಗೊಂದು ಗೆರೆ ಎಳೆಸಿ, ಮೇಷ್ಟ್ರು ಮುಂದಿನ ಅಧ್ಯಾಯಕ್ಕೆ ಹೊರಡುತ್ತಾರೆ. ಗೆರೆ ಏಕೆಂದರೆ, ಪರೀಕ್ಷೆಗೆ ಬರುತ್ತದಂತೆ!

ಆ ಗೆರೆಯ ಹಿಂದೆ 78 ವರ್ಷಗಳ ಹುಡುಕಾಟವಿದೆ. ಅದನ್ನು ಉತ್ತರದಿಂದ ಶುರುಮಾಡದೆ, ಪ್ರಶ್ನೆಯಿಂದ ಶುರುಮಾಡಿದರೆ ಹೇಗೆ?

ಮೊದಲು ಮಕ್ಕಳ ಕೈಗೆ ಒಂದೇ ಸಾಲಿನ ಚೀಟಿ ಕೊಡಿ: ದೇವಾನಾಂಪ್ರಿಯ ಪ್ರಿಯದರ್ಶಿ ರಾಜನು ಹೀಗೆ ಹೇಳುತ್ತಾನೆ. 1837ರಲ್ಲಿ ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್ ದೆಹಲಿ, ಅಲಹಾಬಾದಿನ ಕಂಬಗಳ ಮೇಲಿನ ಬ್ರಾಹ್ಮಿ ಲಿಪಿಯನ್ನು ಓದಿದಾಗ ಅವನಿಗೆ ಎದುರಾದದ್ದೂ ಇದೇ ಸಾಲು. ಇದು ಹೆಸರೋ, ಬಿರುದೋ? ಯಾವ ರಾಜ, ಯಾವ ಕಾಲ?

ಎರಡನೆಯ ಚೀಟಿ: ಸಿಂಹಳದಲ್ಲಿ, ಅಂದರೆ ಇಂದಿನ ಶ್ರೀಲಂಕಾದಲ್ಲಿ, ದೇವಾನಂಪಿಯ ತಿಸ್ಸ ಎಂಬ ರಾಜನಿದ್ದ. ‘ಹಾಗಾದರೆ ಇವನೇ ಸಾರ್!’ ಎಂದು ಅರ್ಧ ತರಗತಿ ಕೂಗೀತು. ಮೇಷ್ಟ್ರು ಇಲ್ಲಿ ಬಾಯಿ ಬಿಡಬಾರದು. ಪ್ರಿನ್ಸೆಪ್ ಕೂಡ ಮೊದಲು ಸಿಂಹಳದ ರಾಜನನ್ನೇ ಊಹಿಸಿದ್ದ. ಆದರೆ ಸಿಂಹಳದ ದೊರೆಯ ಕಂಬ ದೆಹಲಿಯಲ್ಲೇಕೆ? ಈ ತಕರಾರನ್ನು ಎತ್ತುವ ಹುಡುಗಿಯೊಬ್ಬಳು ಹಿಂದಿನ ಬೆಂಚಿನಲ್ಲಿ ಇದ್ದೇ ಇರುತ್ತಾಳೆ.

ಮೂರನೆಯದು: ಅದೇ ವರ್ಷ ಸಿಂಹಳದಲ್ಲಿದ್ದ ಬ್ರಿಟಿಷ್ ಅಧಿಕಾರಿ ಜಾರ್ಜ್ ಟರ್ನರ್, ಪ್ರಿಯದರ್ಶಿ ಎಂದರೆ ಚಂದ್ರಗುಪ್ತನ ಮೊಮ್ಮಗ ಅಶೋಕನೇ ಎಂಬುದನ್ನು ‘ದೀಪವಂಸ’ ಎಂಬ ಪಾಲಿ ಗ್ರಂಥದಲ್ಲಿ ಕಂಡ. ಪ್ರಿನ್ಸೆಪ್ ಅದನ್ನು ಒಪ್ಪಿದ. ಆದರೂ ಅದು ಅಶೋಕ ತೀರಿಕೊಂಡು ಶತಮಾನಗಳ ನಂತರ, ಸಮುದ್ರದಾಚೆ ಬರೆದ ಪುಸ್ತಕ. ಅಷ್ಟು ಸಾಕ್ಷ್ಯ ಸಾಕೇ? ಇಲ್ಲಿ ತರಗತಿ ಎರಡು ಪಕ್ಷವಾಗಲಿ, ಜಗಳವಾಡಲಿ.

ಕೊನೆಯ ಚೀಟಿ 1915ರದು. ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಂಡೆಯ ಮೇಲಿನ ಬರಹ ಬಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಬಿರುದಿನ ಪಕ್ಕದಲ್ಲೇ ‘ಅಸೋಕಸ’ ಎಂಬ ಹೆಸರಿತ್ತು. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೊಳಂ, ಮಧ್ಯಪ್ರದೇಶದ ಗುಜರ್ರಾಗಳಲ್ಲಿ ಇದೇ ಹೆಸರು ಸಿಕ್ಕಿದ್ದು ಆಮೇಲೆ.

ಈ ಬಗೆಯ ಪಾಠ ಹೊಸದಲ್ಲ. ಬ್ರಿಟನ್ನಿನ ಸ್ಕೂಲ್ಸ್ ಕೌನ್ಸಿಲ್ ಇತಿಹಾಸ ಯೋಜನೆ 1970ರ ದಶಕದಲ್ಲೇ ಡೆನ್ಮಾರ್ಕಿನ ಟೊಲ್ಲುಂಡ್ ಮನುಷ್ಯನನ್ನು ತರಗತಿಗೆ ತಂದಿತ್ತು. 1950ರಲ್ಲಿ ಜೌಗುನೆಲದಲ್ಲಿ ಸಿಕ್ಕ ಆ ಶವ ಎಷ್ಟು ಕೆಡದೆ ಉಳಿದಿತ್ತೆಂದರೆ, ಈಚಿನ ಕೊಲೆಯಿರಬೇಕೆಂದು ಪೊಲೀಸರಿಗೆ ತಿಳಿಸಲಾಗಿತ್ತು. ಅದರ ವಯಸ್ಸು 2,300 ವರ್ಷಕ್ಕೂ ಹೆಚ್ಚು! ಕೊರಳಲ್ಲಿ ಚರ್ಮದ ಕುಣಿಕೆ, ಹೊಟ್ಟೆಯಲ್ಲಿ ಧಾನ್ಯದ ಗಂಜಿ. ಅದು ಶಿಕ್ಷೆಯೋ, ಬಲಿಯೋ? ಬಲಿ ಎನ್ನುವವರೇ ಹೆಚ್ಚು. ಬರಹದ ಸಾಕ್ಷ್ಯ ಮಾತ್ರ ಇಲ್ಲ.

ಅಪಾಯವೂ ಇದೆ. ಟೋಪಿ, ಭೂತಗನ್ನಡಿ ಹಿಡಿದು ಕುಣಿಯುವುದಷ್ಟೇ ಆದರೆ ಅದು ಶಾಲಾ ವಾರ್ಷಿಕೋತ್ಸವದ ನಾಟಕವಾದೀತು. ಪ್ರತಿ ಊಹೆಗೂ ‘ಯಾವ ಚೀಟಿಯಿಂದ?’ ಎಂಬ ಪ್ರಶ್ನೆ ಬೀಳಲೇಬೇಕು. ನಮ್ಮಲ್ಲಿ ಊರಿಗೊಂದು ಐತಿಹ್ಯ, ಕೋಟೆಗೊಂದು ಕಥೆ. ಹಳೆಯದರ ಹೆಸರಿನಲ್ಲಿ ಯಾರು ಏನು ಹೇಳಿದರೂ ನಂಬುವ ಮಗು ದೊಡ್ಡವನಾದ ಮೇಲೆ, ಹಾಗೆ ಹೇಳುವವರ ಬೆನ್ನಿಗೇ ನಡೆಯುತ್ತದೆ.

ಇನ್ನೂ ಬಿಡಿಸಲಾಗದ ಒಗಟು ಬೇಕೆಂದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಹೋಗಬೇಕು. ಬಿ.ಎಲ್. ರೈಸ್ 1892ರಲ್ಲಿ ಪತ್ತೆಮಾಡಿದ ಅಲ್ಲಿನ ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ. ಬರೆದವನು ಚಪಡ. ಆದರೆ ಕೊನೆಯಲ್ಲಿ ‘ಲಿಪಿಕಾರನಿಂದ’ ಎಂಬರ್ಥದ ಒಂದೇ ಪದ ಬಲದಿಂದ ಎಡಕ್ಕೆ, ವಾಯವ್ಯದ ಗಾಂಧಾರ ಸೀಮೆಯ ಖರೋಷ್ಠಿಯಲ್ಲಿದೆ. ಚಪಡ ಅಲ್ಲಿಂದ ಬಂದವನೇ? ಎರಡು ಲಿಪಿ ಬಲ್ಲೆನೆಂದು ಮೆರೆದನೇ? ಕಲ್ಲು ಹೇಳುವುದಿಲ್ಲ. ಚಿತ್ರದುರ್ಗ, ಬಳ್ಳಾರಿ ಕಡೆಯ ಶಾಲೆಯವರು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ, ಅದನ್ನು ನೋಡಿ ಸಂಜೆಗೆ ಊರು ಸೇರಬಹುದು.