ವಿಮಾನದ ಬಾಣಂತನ

ಮಹಿಳಾ ವೇದಿಕೆಯ ಅಧ್ಯಕ್ಷೆಯವರು ಫೋನ್ ಮಾಡಿ "ಆರು ತಿಂಗಳು ಅಮೆರಿಕಾದಾಗ ಏನ್ ಮಾಡಿದ್ರಿ, ಹತ್ತು ನಿಮಿಷ ಮಾತಾಡ್ರಿ" ಅಂದಾಗ ನನಗೆ ನಗು ಬಂತು. ನಮ್ಮಲ್ಲಿ ಬಹಳ ಜನ ಅಲ್ಲಿಗೆ ಹೋಗುವುದು ಬಾಣಂತನಕ್ಕೆ. ನಾನೂ ಹೋದದ್ದು ಬಾಣಂತನಕ್ಕೇ. ಆದರೆ ಮಗಳದ್ದಲ್ಲ, ಅವಳ ಗ್ಯಾರೇಜಿನಲ್ಲಿ ಹುಟ್ಟುತ್ತಿದ್ದ ವಿಮಾನದ್ದು.

ನಗಬೇಡಿ, ನಿಜ. ಮಗಳು, ಅಳಿಯ ಇಬ್ಬರೂ ಸೇರಿ ಎರಡು ಸೀಟಿನ ಆರ್‌ವಿ-7 ಕಟ್ಟುತ್ತಿದ್ದಾರೆ. ಒರೆಗಾನ್ ರಾಜ್ಯದ ಅರೋರಾ ಎಂಬ ಊರಿನ ವ್ಯಾನ್ಸ್ ಕಂಪನಿ ತಗಡು, ರಿವೆಟ್, ನಕ್ಷೆಗಳನ್ನು ಪೆಟ್ಟಿಗೆಗಳಲ್ಲಿ ಕಳಿಸುತ್ತದೆ. ಜೋಡಿಸುವವರು ನಾವೇ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು ಎಂದು ಅಲ್ಲಿ ನಿಯಮವಿದೆ. 51 ಪ್ರತಿಶತದ ನಿಯಮ ಅನ್ನುತ್ತಾರೆ. ಇದು ಬರೀ ಅಮೆರಿಕಾದವರ ಹುಚ್ಚು ಅಂದುಕೊಳ್ಳಬೇಡಿ. ಮುಂಬೈನ ಕಾಂದಿವಲಿಯಲ್ಲಿ ಕ್ಯಾಪ್ಟನ್ ಅಮೋಲ್ ಯಾದವ್ ಅವರು ಮನೆಯ ಟೆರೇಸಿನ ಮೇಲೆ ಆರು ಸೀಟಿನ ವಿಮಾನ ಕಟ್ಟಿದ್ದನ್ನು ನೀವೆಲ್ಲ ಪೇಪರಿನಲ್ಲಿ ಓದಿದ್ದೀರಿ. ನಮ್ಮ ಬೆಂಗಳೂರಿನ ಎನ್‌ಎಎಲ್‌ನವರೂ 1980ರ ದಶಕದಲ್ಲಿ ಬರ್ಟ್ ರುಟಾನ್ ಅವರ ಲಾಂಗ್-ಈಜಿ ವಿನ್ಯಾಸವನ್ನು ಆಧಾರವಾಗಿಟ್ಟುಕೊಂಡು ಪುಟ್ಟ ವಿಮಾನವೊಂದನ್ನು ಕಟ್ಟಿ ಹಾರಿಸಿದ್ದರು.

ನನ್ನನ್ನು ಯಾಕೆ ಕರೆದರು? ಚಿಂಚವಡದ ಒಂದು ಕಾರ್ಖಾನೆಯಲ್ಲಿ ನಾನು 22 ವರ್ಷ ಬ್ರೇಕ್ ಪೈಪುಗಳ ತಪಾಸಣೆ ಮಾಡಿದವಳು. ಕಾರಿನ ಬ್ರೇಕ್ ಪೈಪಿನ ತುದಿಯನ್ನು ಬೆರಳಿನಲ್ಲಿ ಸವರಿ "ಇದು ರಿಜೆಕ್ಟ್" ಅಂತ ಹೇಳಬಲ್ಲೆ. ರಿಜೆಕ್ಟ್ ಆದದ್ದಕ್ಕೆ ಕೆಂಪು ಬಣ್ಣ ಬಳಿಯುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಮಗಳು, "ಅವ್ವಾ, ಪೆಟ್ರೋಲ್ ಪೈಪು, ಬ್ರೇಕ್ ಪೈಪು ಎಲ್ಲಾ ನಿನಗs ಬಿಟ್ಟೀನಿ" ಅಂದಳು. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ, ನಾನಾ ಪೇಠಿಗೆ ಹೋಗಿ ಪೈಪಿನ ತುದಿ ಅರಳಿಸುವ ಫ್ಲೇರಿಂಗ್ ಟೂಲನ್ನು ಉಡುಗೊರೆ ಅಂತ ಕೊಂಡೆ. ಚಟ್ನಿಪುಡಿ, ಶೇಂಗಾ ಹೋಳಿಗೆಯ ಜೊತೆ ಅದೂ ಬ್ಯಾಗಿನಲ್ಲಿ ಹೋಯಿತು.

ಹೋದ ಮೇಲೆ ಗೊತ್ತಾಯಿತು, ಇದು ನನ್ನ ಲೋಕ ಹೌದು, ಆದರೆ ಪೂರ್ತಿ ಅಲ್ಲ. ಕಾರಿನ ಬ್ರೇಕ್ ಪೈಪು ಉಕ್ಕಿನದು. ಇಲ್ಲಿ ಮೆದು ಅಲ್ಯೂಮಿನಿಯಂ. ಪೆಟ್ರೋಲಿಗೆ 3/8 ಇಂಚು, ಬ್ರೇಕಿಗೆ 1/4 ಇಂಚು. ಗೋಡೆಯ ದಪ್ಪ ಒಂದು ಮಿಲಿಮೀಟರ್ ಕೂಡ ಇಲ್ಲ. ಕಿಟ್ಟಿನ ಕೊಳವೆ ತೀರಾ ಮೆದು ಅನ್ನಿಸಿದವರು 5052 ಎಂಬ ಇನ್ನೊಂದು ಮಿಶ್ರಲೋಹದ್ದನ್ನು ತರಿಸುತ್ತಾರೆ. ಬಗ್ಗಿಸುವುದು ಸ್ವಲ್ಪ ಕಷ್ಟ, ಆದರೆ ಗಟ್ಟಿ. ನಾನು ಅದನ್ನೇ ತರಿಸಿದೆ. ಕಾರಿನ ಬ್ರೇಕ್ ಆಯಿಲ್ ಕೇಳಿದರೆ ಮಗಳು ಕೆಂಪು ಎಣ್ಣೆಯ ಡಬ್ಬಿ ತೋರಿಸಿದಳು. ಈ ವಿಮಾನದ ಬ್ರೇಕಿಗೆ ಹಾಕುವುದು ಖನಿಜ ಎಣ್ಣೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರ್ ಉಂಗುರಗಳು ಕೆಡುತ್ತವೆ. ಅವತ್ತೇ ನಾನು ಎಚ್ಚರಾಗಬೇಕಿತ್ತು. ಆಗಲಿಲ್ಲ.

ಯಾವ ಪೈಪು ಎಲ್ಲಿ ಅನ್ನುವುದರ ಮೇಲೆ ಮನೆಯಲ್ಲಿ ಒಂದು ವಾರ ಚರ್ಚೆ. ಅಳಿಯನಿಗೆ ಬ್ರೇಕಿಗೆ ಪ್ಲಾಸ್ಟಿಕ್ ಪೈಪು ಹಾಕುವ ಆಸೆ. ಹಗುರ, ಸುಲಭ. ನಾನು ಒಪ್ಪಲಿಲ್ಲ. ಬ್ರೇಕ್ ಹಿಡಿದಾಗ ಡಿಸ್ಕ್ ಎಷ್ಟು ಕಾಯುತ್ತದೆ ಅಂತ ನನಗೆ ಗೊತ್ತು. ಅದರ ಪಕ್ಕದಲ್ಲಿ ಪ್ಲಾಸ್ಟಿಕ್ ಮೆತ್ತಗಾದರೆ ಎಣ್ಣೆ ಸೋರುತ್ತದೆ, ಆ ಎಣ್ಣೆ ಉರಿಯುವಂಥದ್ದು. ಕೊನೆಗೆ, ಸೀಟಿನ ಕಡೆ ಅಲ್ಯೂಮಿನಿಯಂ, ಅಲುಗಾಡುವ ಚಕ್ರದ ಹತ್ತಿರ ಸ್ಟೀಲ್ ಜಾಲರಿ ಹೆಣೆದ ಟೆಫ್ಲಾನ್ ಹೋಸ್ ಎಂದು ತೀರ್ಮಾನವಾಯಿತು. ಎಂಜಿನ್ ಕೋಣೆಯಲ್ಲೂ ಹೋಸೇ, ಮೇಲೆ ಬೆಂಕಿ ತಡೆಯುವ ಕಿತ್ತಳೆ ಬಣ್ಣದ ಕವಚ. ಎಂಜಿನ್ ನಡುಗುತ್ತದೆ, ಗಟ್ಟಿ ಕೊಳವೆ ಅಲ್ಲಿ ಬಾಳುವುದಿಲ್ಲ. ನಡುವಿನ ಉಕ್ಕಿನ ಗೋಡೆ ದಾಟುವಲ್ಲಿ ಫಿಟಿಂಗ್ ಕೂಡ ಉಕ್ಕಿನದೇ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಬೆಂಕಿ ಬಿದ್ದರೆ ಅದು ಏನೂ ದೊಡ್ಡ ಶಾಖವಲ್ಲ. ಈಗ ಎಲ್ಲಾ ಕಡೆಗೂ ರೆಡಿಮೇಡ್ ಹೋಸ್ ಸಿಗುತ್ತದೆ, ದುಡ್ಡಿದ್ದವರು ತರಿಸಲಿ. ನನಗೇನೋ ಕೈಯಾರೆ ಬಗ್ಗಿಸಿದ ಕೊಳವೆಯ ಮೇಲೇ ನಂಬಿಕೆ.

ಆ ನಂಬಿಕೆಯ ಕಥೆಯನ್ನೇ ಈಗ ಹೇಳಬೇಕು.

ಮಗಳು, ಅಳಿಯ ಕೆಲಸಕ್ಕೆ ಹೋದ ಮೇಲೆ ನಾನೊಬ್ಬಳೇ ಗ್ಯಾರೇಜಿನಲ್ಲಿ. ಕಟರಿನಲ್ಲಿ ಕತ್ತರಿಸಿ, ಒಳಗಿನ ಚೂರು ಕೆರೆದು, ಉಜ್ಜಿ, ಅರಳಿಸಿ, ನಾಲ್ಕು ದಿನದಲ್ಲಿ ಏಳು ಕೊಳವೆ, ಹದಿನಾಲ್ಕು ತುದಿ. ಒಮ್ಮೆ ನಟ್ ಏರಿಸದೆಯೇ ತುದಿ ಅರಳಿಸಿಬಿಟ್ಟೆ. ಗುಂಡು ಪೋಣಿಸುವುದನ್ನು ಮರೆತು ಕರಿಮಣಿ ಸರಕ್ಕೆ ಗಂಟು ಹಾಕಿದ ಹಾಗೆ! ಅದೊಂದನ್ನು ಮತ್ತೆ ಮಾಡಿದೆ. ಎಲ್ಲಾ ಜೋಡಿಸಿ, ಗಾಳಿ ತುಂಬಿ, ಸಾಬೂನು ನೀರು ಹಚ್ಚಿದೆವು. ಒಂದು ಗುಳ್ಳೆ ಏಳಲಿಲ್ಲ. ಅಳಿಯ ಫೋಟೋ ತೆಗೆದು ಬೀಗರಿಗೆ ಕಳಿಸಿದ.

ಮುಂದಿನ ಭಾನುವಾರ ಒಬ್ಬ ಹಿರಿಯರು ಬಂದರು. 1953ರಲ್ಲಿ ಶುರುವಾದ ಇಎಎ ಅನ್ನುವ ಸಂಸ್ಥೆ ಇದೆ, ಮನೆಯಲ್ಲಿ ವಿಮಾನ ಕಟ್ಟುವವರದು. ಅದರ ಸ್ವಯಂಸೇವಕರು ಬಂದು ಪುಕ್ಕಟೆ ನೋಡಿ ಸಲಹೆ ಕೊಡುತ್ತಾರೆ. ಅವರು ನನ್ನ ಕೊಳವೆಗಳ ಬಾಗುಗಳನ್ನು ನೋಡಿ ಬಹಳ ಹೊಗಳಿದರು. ಆಮೇಲೆ ಮೇಜಿನ ಮೇಲಿದ್ದ ನನ್ನ ಟೂಲ್ ಎತ್ತಿ, "ಇದು ಎಷ್ಟು ಡಿಗ್ರಿ?" ಅಂತ ಕೇಳಿದರು. "ನಲವತ್ತೈದು" ಅಂದೆ, ಹೆಮ್ಮೆಯಿಂದಲೇ. ಗ್ಯಾರೇಜಿನಲ್ಲಿ ಯಾರೂ ಮಾತಾಡಲಿಲ್ಲ.

ಕಾರಿಗೆ 45. ಫ್ರಿಜ್ಜಿನ ತಾಮ್ರದ ಕೊಳವೆಗೂ 45. ವಿಮಾನದ ಫಿಟಿಂಗಿಗೆ 37. ಅಮೆರಿಕಾದ ಭೂಸೇನೆ, ನೌಕಾಸೇನೆಗಳ ಏಎನ್ ಮಾನಕ ಅದು. ಎಂಟು ಡಿಗ್ರಿ ಕಣ್ಣಿಗೆ ಕಾಣುವುದಿಲ್ಲ. ನಟ್ ಬಿಗಿದಾಗ ಮೆದು ಅಲ್ಯೂಮಿನಿಯಂ ಬಲವಂತಕ್ಕೆ ಕೂತುಕೊಳ್ಳುತ್ತದೆ, ಸೋರುವುದೂ ಇಲ್ಲ. ಆದರೆ ಇಡೀ ಮುಖ ಆತು ಕೂರಬೇಕಾದಲ್ಲಿ ಒಂದು ಗೆರೆಯಷ್ಟು ಮಾತ್ರ ಒತ್ತುತ್ತದೆ. ದಿನವೂ ನಡುಗಿ ನಡುಗಿ ಅಲ್ಲೇ ಸೀಳು ಬಿಡಬಹುದು. ರಸ್ತೆಯಲ್ಲಾದರೆ ಗಾಡಿ ಬದಿಗೆ ನಿಲ್ಲಿಸಬಹುದು.

ಬಂದವರು ಹೋದ ಮೇಲೆ ಮಗಳು ನನ್ನ ಮುಖ ನೋಡಿದಳು. "ಅವ್ವಾ, ಪೆಟ್ರೋಲಿಂದಷ್ಟs ಬದಲಿ ಮಾಡೋಣು. ಬ್ರೇಕಿಂದು ಇರಲಿ ಬಿಡು, ನೀ ಮಾಡಿದ್ದು" ಅಂದಳು. ನನ್ನ ಮನಸ್ಸು ನೋಯಬಾರದು ಅಂತ. ನನಗೆ ಅಲ್ಲಿಯೇ ಎದೆ ಝಲ್ ಅಂದಿತು. ಅವಳಿಗೆ ಗೊತ್ತಿದೆ ತಪ್ಪು ಅಂತ, ಆದರೂ ನನ್ನ ಮರ್ಯಾದೆಗಾಗಿ ಆ ಬ್ರೇಕ್ ಒತ್ತಲು ತಯಾರಿದ್ದಾಳೆ. ಆ ಸೀಟಿನಲ್ಲಿ ಕೂರುವವಳು ಅವಳು. ಪಕ್ಕದಲ್ಲಿ ಎಂದಾದರೂ ನನ್ನ ಮೊಮ್ಮಗಳು.

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಗ್ಯಾರೇಜಿಗೆ ಹೋಗಿ ಹದಿನಾಲ್ಕೂ ತುದಿ ಕತ್ತರಿಸಿದೆ. ಕಾರ್ಖಾನೆಯ ಕೆಂಪು ಬಣ್ಣ ಎಲ್ಲಿಂದ ತರಲಿ, ಮೊಮ್ಮಗಳ ನೇಲ್ ಪಾಲಿಶ್ ತೆಗೆದುಕೊಂಡು ಒಂದೊಂದಕ್ಕೂ ಹಚ್ಚಿದೆ. ಬೆಳಿಗ್ಗೆ ಮಗಳು ನೋಡಿ ಏನೂ ಅನ್ನಲಿಲ್ಲ. ಚಹಾ ಮಾಡಿ ತಂದು ಪಕ್ಕದಲ್ಲಿ ಕೂತಳು. ಕತ್ತರಿಸಿದ ಕೊಳವೆ ಗಿಡ್ಡವಾದ್ದರಿಂದ ಏಳನ್ನೂ ಮೊದಲಿನಿಂದ ಬಗ್ಗಿಸಬೇಕಾಯಿತು. 37 ಡಿಗ್ರಿಯ ಟೂಲ್ ಬರುವ ತನಕ ಕಾಯ್ದು, ಈ ಸಲ ಇಬ್ಬರೂ ಸೇರಿ ಮಾಡಿದೆವು. ಅವಳು ಬಗ್ಗಿಸಿದಳು, ನಾನು ಅರಳಿಸಿದೆ. ಪ್ರತಿಯೊಂದನ್ನೂ ಭೂತಗನ್ನಡಿಯಲ್ಲಿ ಅವಳು ನೋಡಿ ಪಾಸು ಮಾಡಬೇಕು ಅಂತ ನಾನೇ ಹಟ ಹಿಡಿದೆ. ಮೂರು ರಿಜೆಕ್ಟ್ ಮಾಡಿದಳು. ಎರಡು ಸರಿಯಾಗಿಯೇ ಇದ್ದವು ಅಂತ ನನಗೆ ಇವತ್ತಿಗೂ ಅನುಮಾನ!

ವಿಮಾನ ಇನ್ನೂ ಹಾರಿಲ್ಲ. ಹಾರಿದ ಮೇಲೂ ಪರೀಕ್ಷೆಯ ಗಂಟೆಗಳು ಮುಗಿಯುವವರೆಗೆ ಸುಮ್ಮನೆ ಯಾರನ್ನೂ ಕೂರಿಸಿಕೊಂಡು ಹೋಗುವ ಹಾಗಿಲ್ಲ. ಹೋದ ತಿಂಗಳು ನೆಲದ ಮೇಲೆ ಓಡಿಸಿ ನೋಡಿದರು. ಫೋನಿನಲ್ಲಿ ಮೊದಲು ಕೇಳಿದ್ದು ಬ್ರೇಕ್ ಬಗ್ಗೆಯೇ. "ಹಿಡಿತಾವ ಅವ್ವಾ, ಎರಡೂ ಒಂದs ಸಮ" ಅಂದಳು.

ಆ ಹದಿನಾಲ್ಕರಲ್ಲಿ ಒಂದನ್ನು ತಂದಿದ್ದೇನೆ. ಕೆಂಪು ಬಣ್ಣ ಸ್ವಲ್ಪ ಉದುರಿದೆ. ಹಿಂದಿನ ಸಾಲಿನವರೆಗೂ ಕಳಿಸಿ, ಎಲ್ಲರೂ ನೋಡಲಿ. ಕತ್ತರಿಸಿದ ಕಡೆ ಅಂಚು ಚೂಪಿದೆ, ಬೆರಳು ಜೋಪಾನ.