ಇನ್ವರ್ಟರ್ ಏಳದಿದ್ದರೆ ಸಾಲಕ್ಕೆ ಓಡಬ್ಯಾಡ್ರಿ

(ಹತ್ತರಗಿಯಲ್ಲಿ ಸೇರಿದ ರೈತರ ಮುಂದೆ ಆಡಿದ ಮಾತು)



ಕರೆಂಟಿನ ವಿಷಯ ನಮ್ಮ ಹುಕ್ಕೇರಿ ತಾಲೂಕಿಗೆ ಹೊಸದಲ್ಲ. ದೇಶದಲ್ಲಿ ಬೆರಳೆಣಿಕೆಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳು ಹುಟ್ಟಿದಾಗ, 1969ರಲ್ಲಿ, ನಮ್ಮಲ್ಲೂ ಒಂದು ಹುಟ್ಟಿತು. ಆದರೂ ಊರು ಬಿಟ್ಟು ದೂರ ಇರುವ ತೋಟದ ಮನೆಗೆ ಕಂಬ ಮುಟ್ಟದ ಕಡೆ ನಾವು ಬಿಸಿಲಿನ ಪ್ಲೇಟು, ಬ್ಯಾಟರಿ, ಇನ್ವರ್ಟರ್ ತಂದು ಕೂಡಿಸಿದ್ದೇವೆ. ಬಹಳ ಮಂದಿ ಕಂತಿನ ಮೇಲೆ ತಂದವರು.

ಒಂದು ಸಂಜೆ ಗುಂಡಿ ಒತ್ತಿದರೆ ಯಂತ್ರ ಏಳುವುದಿಲ್ಲ. ದೀಪ ಇಲ್ಲ, ಸಪ್ಪಳ ಇಲ್ಲ. ರಿಪೇರಿಯವನು ಬಂದು ಮುಚ್ಚಳ ಮುಟ್ಟಿ, "ಬೋರ್ಡ್ ಸುಟ್ಟೈತ್ರಿ, ಹೊಸಾದು ಹಾಕಬೇಕು" ಅಂತಾನೆ. ನಾವು ಬಿತ್ತನೆಗೆ ಇಟ್ಟ ದುಡ್ಡು ತೆಗೆಯುತ್ತೇವೆ, ಇಲ್ಲವೇ ಕೈಗಡ ತರುತ್ತೇವೆ. ಹಳೇ ಕಂತು ತೀರಿಲ್ಲ, ಅದರ ಮೇಲೆ ಹೊಸ ಸಾಲ! ನಾನು ಕೇಳುವುದು ಒಂದೇ: ಸುಟ್ಟೈತಿ ಅಂತ ಅವನು ಏನು ಅಳೆದು ಹೇಳಿದ? ಏಳದ ಇನ್ವರ್ಟರಿನಲ್ಲಿ ಬಹಳ ಸಲ ಇನ್ವರ್ಟರ್ ನೆಟ್ಟಗೇ ಇರುತ್ತದೆ. ಕೆಟ್ಟದ್ದು ಬ್ಯಾಟರಿ, ಇಲ್ಲವೇ ನಡುವಿನ ವಾಯರು.

ಮುಟ್ಟುವ ಮೊದಲು ಕೈಯ ಉಂಗುರ, ಕಡಗ ತೆಗೆಯಿರಿ. ಪಾನಾ ಜಾರಿ ಬ್ಯಾಟರಿಯ ಎರಡೂ ತುದಿಗೆ ತಾಗಿದರೆ ಬೆಂಕಿ ಏಳುತ್ತದೆ. ಅಲ್ಲಿ ನಿಂತು ಬೀಡಿ ಸೇದಬ್ಯಾಡ್ರಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೊರಡುವ ಗ್ಯಾಸು ಹೊತ್ತಿಕೊಳ್ಳುವಂಥದ್ದು. ಇನ್ವರ್ಟರಿನ ಮುಚ್ಚಳವನ್ನಂತೂ ನೀವು ಬಿಚ್ಚುವುದೇ ಬೇಡ. ವಾಯರು ಕಳಚಿದ ಮೇಲೂ ಒಳಗೆ ಕರೆಂಟು ಉಳಿದಿರುತ್ತದೆ.

ಮೊದಲು ಮನೆಯ ಎಲ್ಲ ಲೋಡ್ ತೆಗೆದು ಬರೀ ಇನ್ವರ್ಟರ್ ಹಚ್ಚಿ ನೋಡ್ರಿ. ಎದ್ದಿತೋ, ತಪ್ಪು ಯಂತ್ರದ್ದಲ್ಲ, ಭಾರದ್ದು. 1 ಎಚ್‌ಪಿ ಅಂದರೆ 746 ವ್ಯಾಟ್, ಆದರೆ ಮೋಟಾರು ತಿರುಗಲು ಶುರುವಾಗುವ ಹೊತ್ತಿಗೆ ಅದರ ಮೂರು ಪಟ್ಟು, ಆರು ಪಟ್ಟು ಎಳೆಯುತ್ತದೆ. 1000 ವ್ಯಾಟಿನ ಇನ್ವರ್ಟರಿಗೆ ಅದನ್ನು ಹೂಡುವುದು ಕರುವಿನ ಹೆಗಲಿಗೆ ನೊಗ ಹಾಕಿದಂಗೆ.

ಲೋಡ್ ತೆಗೆದರೂ ಏಳಲಿಲ್ಲ ಅಂದರೆ ಮೀಟರ್ ಬೇಕು. ಓಣಿಗೆ ಒಂದಿದ್ದರೂ ಸಾಕು. ಡಿಸಿ ವೋಲ್ಟಿಗೆ ಇಟ್ಟು ಬ್ಯಾಟರಿಯ ತುದಿಗೆ ಹಿಡಿಯಿರಿ. ನೀರು ಹಾಕುವ 12 ವೋಲ್ಟಿನ ಬ್ಯಾಟರಿ ಪೂರ್ತಿ ತುಂಬಿ ಸುಮ್ಮನಿದ್ದಾಗ 12.6ರ ಮೇಲೆ ತೋರಿಸುತ್ತದೆ. 12.2 ಇದ್ದರೆ ಅರ್ಧ. 11.8ಕ್ಕೆ ಇಳಿದರೆ ಬರಿದಾದಂತೆಯೇ. 10.5ರ ಆಸುಪಾಸಿಗೆ ಬಂದರೆ ಬಹಳ ಇನ್ವರ್ಟರುಗಳು ತಾವೇ ಬಂದಾಗುತ್ತವೆ. ಅದು ರೋಗವಲ್ಲ, ಬ್ಯಾಟರಿ ಉಳಿಸಲು ಮಾಡಿದ ವ್ಯವಸ್ಥೆ. 24 ವೋಲ್ಟಿನದಾದರೆ ಈ ಅಂಕಿಗಳನ್ನು ಎರಡು ಪಟ್ಟು ಮಾಡಿಕೊಳ್ಳಿರಿ.

ಆದರೆ ಸುಮ್ಮನಿದ್ದಾಗಿನ ಅಂಕಿಯನ್ನು ನಂಬಿ ಕೂಡಬ್ಯಾಡ್ರಿ. ಕಟ್ಟಿ ಹಾಕಿದ ಎತ್ತು ಎಲ್ಲವೂ ಗಟ್ಟಿಯಾಗೇ ಕಾಣುತ್ತದೆ, ಗಳೇ ಹೂಡಿದಾಗ ಗೊತ್ತಾಗುವುದು. ಮೀಟರ್ ಹಿಡಿದಿರುವಾಗಲೇ ಇನ್ನೊಬ್ಬರು ಗುಂಡಿ ಒತ್ತಲಿ. 12.5 ಇದ್ದದ್ದು ದಡಕ್ಕನೆ 10ಕ್ಕೆ ಬಿದ್ದರೆ ಬ್ಯಾಟರಿ ಸೋತಿದೆ. ಬೀಳದೆ ನಿಂತರೆ ಮೀಟರನ್ನು ಇನ್ವರ್ಟರಿನ ಹಿಂದೆ ವಾಯರು ಸೇರುವ ಜಾಗಕ್ಕೆ ಹಿಡಿದು ಮತ್ತೆ ಒತ್ತಿಸಿರಿ. ಬ್ಯಾಟರಿಯಲ್ಲಿ 12.5, ಇಲ್ಲಿ 9 ಅಂದರೆ ನಡುವಿನ ಹಾದಿಯಲ್ಲಿ ಕರೆಂಟು ಸೋರಿಹೋಗುತ್ತಿದೆ. ಇಲ್ಲಿ ಏನೂ ಇಲ್ಲವೆಂದರೆ ಫ್ಯೂಜ್ ಹೋಗಿದೆ, ಇಲ್ಲವೇ ವಾಯರನ್ನು ಇಲಿ ಕಡಿದಿದೆ.

ನಮ್ಮ ಕಡೆಯ ಒಬ್ಬ ರೈತನಿಗೆ ಹೊಸ ಇನ್ವರ್ಟರ್ ತರಲು ಹೇಳಿ ಹೋಗಿದ್ದರು. ನೋಡಿದರೆ ಬ್ಯಾಟರಿಯ ತುದಿಯಲ್ಲಿ ಬಿಳಿ, ಹಸಿರು ಬೂಷ್ಟು ಜೋಳದ ಹಿಟ್ಟಿನಂಗೆ ಮೆತ್ತಿತ್ತು. ಮೊದಲು ಪ್ಲೇಟಿನ ವಾಯರು, ಆಮೇಲೆ ಬ್ಯಾಟರಿಯ ವಾಯರು ತೆಗೆದೆವು. ಅಡಿಗೆ ಸೋಡಾ ಕಲಸಿದ ಬಿಸಿನೀರು, ಹಲ್ಲುಜ್ಜುವ ಹಳೇ ಬ್ರಷ್, ಇಷ್ಟೇ. ನೀರು ಬ್ಯಾಟರಿಯ ಬೂಚಿನೊಳಗೆ ಇಳಿಯದಂತೆ ತೊಳೆದು, ಒಣಗಿಸಿ, ನಟ್ಟು ಬಿಗಿ ಮಾಡಿ, ವ್ಯಾಸಲೀನ್ ಸವರಿದೆವು. ಮತ್ತೆ ಹಚ್ಚುವಾಗ ಬ್ಯಾಟರಿ ಮೊದಲು, ಪ್ಲೇಟು ಆಮೇಲೆ. ಯಂತ್ರ ಎದ್ದಿತು. ಖರ್ಚು ಒಂದು ಚಹಾದ್ದು.

ಫ್ಯೂಜ್ ಹೋಗಿದ್ದರೆ ಅದೇ ಅಳತೆಯದು ಹಾಕ್ರಿ. ತಾಮ್ರದ ಎಳೆ ಸುತ್ತುವ ಜಾಣತನ ನಮ್ಮವರಿಗೆ ಎಲ್ಲಿಂದ ಬಂತೋ, ಮನೆ ಸುಡುವುದು ಅದರಿಂದಲೇ. ಬ್ಯಾಟರಿ ಬಿಚ್ಚಿ ಹಚ್ಚಿದ ಮರುದಿನ ಕೆಟ್ಟಿದ್ದರೆ ಪ್ಲಸ್ಸು ಮೈನಸ್ಸು ಅದಲುಬದಲಾಗಿದೆಯೋ ನೋಡ್ರಿ.

ಬ್ಯಾಟರಿ ಬರಿದಾಗಿದ್ದರೆ ತುಂಬಲಿಲ್ಲ ಯಾಕೆ? 12 ವೋಲ್ಟಿನ ಪ್ಲೇಟನ್ನು ಬಿಡಿಸಿ ಒಳ್ಳೇ ಬಿಸಿಲಿನಲ್ಲಿ ಅಳೆದರೆ 20ರ ಸುತ್ತಮುತ್ತ ಬರಬೇಕು. ಕಬ್ಬಿನ ರವದಿ ಸುಟ್ಟ ಮಸಿ, ರಸ್ತೆಯ ಧೂಳು ಕೂತಿದ್ದರೆ ಮುಂಜಾನೆ ತಂಪಿನಲ್ಲಿ ತೊಳೆಯಿರಿ. ಗಿಡದ ನೆರಳು ಒಂದು ಮೂಲೆಗೆ ಬಿದ್ದರೂ ಹುಟ್ಟುವಳಿ ಬಹಳ ಇಳಿಯುತ್ತದೆ. ಮಳೆಗಾಲದ ಮೋಡದಲ್ಲಿ ಟಿವಿ, ಫ್ಯಾನು ಕಡಿಮೆ ಮಾಡದೆ ಬ್ಯಾಟರಿಯನ್ನು ಬೈದರೆ ಪ್ರಯೋಜನವಿಲ್ಲ. ಬಾವಿ ನೀರನ್ನಂತೂ ಅದಕ್ಕೆ ಹಾಕಲೇಬ್ಯಾಡ್ರಿ, ಡಿಸ್ಟಿಲ್ಡ್ ವಾಟರ್ ಮಾತ್ರ.

ಇನ್ವರ್ಟರಿನ ತುದಿಯಲ್ಲೇ 12.5 ಸಿಕ್ಕು, ಲೋಡ್ ಇಲ್ಲದೆ, ಫ್ಯೂಜ್ ನೆಟ್ಟಗಿದ್ದು ಏಳಲಿಲ್ಲವೋ, ಆಗ ಯಂತ್ರ ಕೆಟ್ಟಿದೆ ಅನ್ನಿರಿ. ಆಗಲೂ ದುಡ್ಡಿನ ಮೊದಲು ಬಿಲ್ಲು, ಗ್ಯಾರಂಟಿ ಕಾರ್ಡು ತೆಗೆಯಿರಿ. ಗ್ಯಾರಂಟಿ ಒಳಗಿದ್ದೂ ಮಾರಿದವನು ಕಿವಿಗೆ ಹಾಕಿಕೊಳ್ಳದಿದ್ದರೆ ಬೆಳಗಾವಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬೇಕು. ಮಾಲಿಗೆ ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಬಿಲ್ಲು ಇಲ್ಲದೆ ಕೊಂಡವನ ಕೈಯಲ್ಲಿ ಮಾತ್ರ ಏನೂ ಇರುವುದಿಲ್ಲ. ನಾಲ್ಕು ಕಾಸು ಕಡಿಮೆಗೆ ಸಿಕ್ಕಿತೆಂದು ಬಿಲ್ಲು ಬಿಟ್ಟವರು ನಮ್ಮಲ್ಲೇ ಎಷ್ಟು ಮಂದಿ!

ರಿಪೇರಿಯವನನ್ನು ಕರೆಯುವಾಗ ನಿಮ್ಮ ಕೈಯಲ್ಲಿ ಒಂದು ಚೀಟಿ ಇರಲಿ. ಬ್ಯಾಟರಿ ಸುಮ್ಮನಿದ್ದಾಗ ಇಷ್ಟು, ಗುಂಡಿ ಒತ್ತಿದಾಗ ಇಷ್ಟು, ಇನ್ವರ್ಟರಿನ ತುದಿಯಲ್ಲಿ ಇಷ್ಟು ಅಂತ ಬರೆದಿಡಿರಿ. ಅದನ್ನು ಅವನ ಮುಂದೆ ಇಟ್ಟು, ಆಮೇಲೆ ರೇಟು ಕೇಳಿರಿ.